ಬೇರುಗಂಟು ಆಮ್ಲಜನಕದ ಹಾನಿಯಿಂದ ಹೇಗೆ ಉಳಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ, ಉದ್ದು, ಹೆಸರು, ಅಲಸಂದೆ ಹಾಕುವವರಿದ್ದಾರೆ. ಶಿರಸಿ ಕಡೆ ತೋಟದ ಸೊಪ್ಪಿಗೆ ಗ್ಲಿರಿಸಿಡಿಯಾ ಬೆಳೆಸುವವರಿದ್ದಾರೆ. ಕಾರವಾರದಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿದ್ದಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ರೈಜೋಬಿಯಂ ಬ್ಯಾಕ್ಟೀರಿಯಾ ಹಾಕಿ, ಸಾರಜನಕ ಸಿಗುತ್ತದೆ ಅನ್ನುವಷ್ಟನ್ನು ಎಲ್ಲರೂ ಹೇಳುತ್ತಾರೆ. ಅದು ಬೇರಿನಲ್ಲಿ ಕಟ್ಟುವ ಗಂಟು ಒಳಗಿಂದ ದಿನಾ ಎಂಥ ಹಾನಿಯನ್ನು ತಡೆದುಕೊಂಡು ಬದುಕುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದು ಗೊತ್ತಾದರೆ ಗದ್ದೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ತಾನಾಗಿ ತಿಳಿಯುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆದಿದ್ದೇನೆ.

ಬೇರುಗಂಟಿನೊಳಗೆ ಏನು ನಡೆಯುತ್ತದೆ?

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ಗಿಡಕ್ಕೆ ಅದನ್ನು ನೇರವಾಗಿ ಬಳಸಿಕೊಳ್ಳಲು ಬರುವುದಿಲ್ಲ. ದ್ವಿದಳ ಗಿಡಗಳು ಮಣ್ಣಿನ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾವನ್ನು ಬೇರಿನೊಳಗೆ ಬಿಟ್ಟುಕೊಂಡು, ಅದಕ್ಕೆ ಇರಲು ಗಂಟು ಕಟ್ಟಿ, ತಿನ್ನಲು ಸಕ್ಕರೆಯಿಂದಾದ ಆಹಾರ ಕೊಡುತ್ತವೆ. ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತದೆ. ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಎಂಬ ಜರ್ಮನ್ ವಿಜ್ಞಾನಿಗಳು 1880ರ ದಶಕದಲ್ಲಿ ಇದನ್ನು ತೋರಿಸಿದರು. 1888ರಲ್ಲಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು.

ಈ ಕೆಲಸ ಮಾಡುವ ಕಿಣ್ವದ ಹೆಸರು ನೈಟ್ರೋಜಿನೇಸ್. ಒಂದೇ ಒಂದು ಸಾರಜನಕ ಅಣುವನ್ನು ಮುರಿಯಲು ಅದಕ್ಕೆ 16 ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕು, ಅಂದರೆ ತುಂಬಾ ದುಬಾರಿ ಕೆಲಸ. ಒಂದು ಗ್ರಾಂ ಸಾರಜನಕಕ್ಕೆ ಗಿಡ ಸುಮಾರು 6 ಗ್ರಾಂ ಇಂಗಾಲ ಖರ್ಚು ಮಾಡುತ್ತದೆ ಎಂದು ಲೆಕ್ಕ. ಆ ಇಂಗಾಲ ಬರುವುದು ಎಲೆಯಿಂದ. ಈ ಮಾತು ನೆನಪಿರಲಿ, ಕೆಳಗೆ ಮತ್ತೆ ಮತ್ತೆ ಬೇಕಾಗುತ್ತದೆ.

ಆಮ್ಲಜನಕ ಎಲ್ಲರಿಗೂ ಬೇಕು ಅಲ್ವಾ? ಗಂಟಿಗೆ ಅದರಿಂದಲೇ ಯಾಕೆ ತೊಂದರೆ?

ನೈಟ್ರೋಜಿನೇಸ್ ಕಿಣ್ವದೊಳಗೆ ಕಬ್ಬಿಣ, ಗಂಧಕ, ಮಾಲಿಬ್ಡಿನಂ ಸೇರಿದ ಗುಚ್ಛಗಳಿವೆ. ಆಮ್ಲಜನಕ ತಾಗಿದರೆ ಇವು ಕೆಡುತ್ತವೆ. ಒಮ್ಮೆ ಕೆಟ್ಟ ಕಿಣ್ವ ಮತ್ತೆ ಸರಿಯಾಗುವುದಿಲ್ಲ, ಹೊಸದನ್ನೇ ಕಟ್ಟಬೇಕು.

ಆದರೆ ಆ 16 ಎಟಿಪಿ ಎಲ್ಲಿಂದ ಬರಬೇಕು? ಬ್ಯಾಕ್ಟೀರಿಯಾ ಉಸಿರಾಡಿದರೆ ಮಾತ್ರ ಬರುತ್ತದೆ. ಉಸಿರಾಟಕ್ಕೆ ಆಮ್ಲಜನಕ ಬೇಕೇ ಬೇಕು. ಕಿಣ್ವಕ್ಕೆ ಆಮ್ಲಜನಕ ಆಗದು, ಕಿಣ್ವವನ್ನು ನಡೆಸುವವನಿಗೆ ಅದು ಇಲ್ಲದೆ ಆಗದು. ಈ ಎರಡೂ ಒಂದೇ ಜೀವಕೋಶದೊಳಗೆ, ಒಂದೇ ಹೊತ್ತಿನಲ್ಲಿ ನಡೆಯಬೇಕು. ಬೇರುಗಂಟಿನ ಇಡೀ ರಚನೆ ಹುಟ್ಟಿದ್ದೇ ಈ ಇಕ್ಕಟ್ಟಿನಿಂದ ಅನ್ನಬಹುದು.

ಹಾಗಾದರೆ ಆಮ್ಲಜನಕವನ್ನು ಹೊರಗೇ ತಡೆದರೆ ಮುಗೀತಲ್ವಾ?

ಪೂರ್ತಿ ತಡೆದರೆ ಗಂಟು ಉಸಿರುಕಟ್ಟಿ ನಿಲ್ಲುತ್ತದೆ. ಬೇಕಾದಷ್ಟೇ ಬಿಡಬೇಕು. ಗಂಟಿನ ಸಿಪ್ಪೆಯ ಒಳಭಾಗದಲ್ಲಿ ಒತ್ತಾಗಿ ಜೋಡಿಸಿದ ಕೋಶಗಳ ಪದರ ಇದೆ. ಆ ಕೋಶಗಳ ನಡುವಿನ ಸಂದುಗಳಲ್ಲಿ ಗಾಳಿ ಕಡಿಮೆ, ನೀರು ಮತ್ತು ಅಂಟಿನಂಥ ಪ್ರೋಟೀನು ಜಾಸ್ತಿ. ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಸಂದಿನಲ್ಲಿ ನೀರು ಸ್ವಲ್ಪ ಹೆಚ್ಚು ಕಡಿಮೆಯಾದರೂ ಒಳಗೆ ಹೋಗುವ ಆಮ್ಲಜನಕದಲ್ಲಿ ದೊಡ್ಡ ವ್ಯತ್ಯಾಸ ಆಗುತ್ತದೆ.

ಅಘನಾಶಿನಿ ಹಿನ್ನೀರಿನ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಟ್ಟೆಯ ಬಾಗಿಲು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಉಬ್ಬರಕ್ಕೆ ಎಷ್ಟು ನೀರು ಒಳಗೆ ಬರಬೇಕು, ಇಳಿತಕ್ಕೆ ಎಷ್ಟು ಹೊರಗೆ ಹೋಗಬೇಕು ಎಂದು ಹಲಗೆ ಎತ್ತಿ ಇಳಿಸಿ ನೋಡಿಕೊಳ್ಳುತ್ತಾರೆ, ಅಲ್ವಾ? ಗಂಟಿನ ಒಳಸಿಪ್ಪೆಯೂ ಹಾಗೆಯೇ ಗಳಿಗೆ ಗಳಿಗೆಗೆ ಹೊಂದಿಸಿಕೊಳ್ಳುತ್ತದೆ. ಎಲೆಯಿಂದ ಸಕ್ಕರೆ ಚೆನ್ನಾಗಿ ಬರುತ್ತಿದ್ದರೆ ಆಮ್ಲಜನಕಕ್ಕೆ ದಾರಿ ಸ್ವಲ್ಪ ಬಿಡುತ್ತದೆ, ಸಕ್ಕರೆ ಕಡಿಮೆಯಾದರೆ ಬಿಗಿ ಮಾಡುತ್ತದೆ.

ಗಂಟು ಸೀಳಿದರೆ ಒಳಗೆ ಕೆಂಪು. ಅದು ರಕ್ತವಾ?

ರಕ್ತ ಅಲ್ಲ, ಆದರೆ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಸಂಬಂಧಿ. ಹೆಸರು ಲೆಗ್‌ಹಿಮೋಗ್ಲೋಬಿನ್. 1939ರಲ್ಲಿ ಜಪಾನಿನ ಕುಬೊ ಎಂಬ ವಿಜ್ಞಾನಿ ಸೋಯಾಬೀನ್ ಗಂಟಿನ ಕೆಂಪು ಬಣ್ಣ ಹಿಮೋಗ್ಲೋಬಿನ್ ತರದ್ದು ಎಂದು ಗುರುತಿಸಿದರು. ಇದರಲ್ಲೂ ಕಬ್ಬಿಣ ಇರುವ ಹೀಮ್ ಎಂಬ ಭಾಗ ಇದೆ. ಈ ಪ್ರೋಟೀನನ್ನು ಕಟ್ಟುವುದು ಗಿಡ.

ಇದರ ಕೆಲಸ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದು, ಸಣ್ಣ ಸಣ್ಣ ಪಾಲಿನಲ್ಲಿ ಬ್ಯಾಕ್ಟೀರಿಯಾದ ಹತ್ತಿರ ಬಿಡುವುದು. ಗಾಳಿ ಸೇರಿದ ಸಾಮಾನ್ಯ ನೀರಿನಲ್ಲಿ ಸುಮಾರು 250 ಮೈಕ್ರೋಮೋಲಾರ್ ಆಮ್ಲಜನಕ ಕರಗಿರುತ್ತದೆ. ಗಂಟಿನ ನಡುಭಾಗದಲ್ಲಿ ಸ್ವತಂತ್ರವಾಗಿ ಓಡಾಡುವ ಆಮ್ಲಜನಕ ಬರೀ 10ರಿಂದ 50 ನ್ಯಾನೋಮೋಲಾರ್ (ಸಾವಿರ ನ್ಯಾನೋ ಸೇರಿದರೆ ಒಂದು ಮೈಕ್ರೋ). ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಅದೇ ಹೊತ್ತಿಗೆ ಲೆಗ್‌ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಆಮ್ಲಜನಕ ಅದರ ಸಾವಿರಾರು ಪಟ್ಟು ಇರುತ್ತದೆ. ಬ್ಯಾಕ್ಟೀರಿಯಾ ಕೂಡ ಇಷ್ಟು ಕಡಿಮೆ ಆಮ್ಲಜನಕದಲ್ಲಿ ಉಸಿರಾಡಲು ಬೇರೆಯದೇ ಒಂದು ಆಕ್ಸಿಡೇಸ್ ಕಿಣ್ವವನ್ನು ಇಟ್ಟುಕೊಂಡಿದೆ. ಅದು 7 ನ್ಯಾನೋಮೋಲಾರ್ ಆಸುಪಾಸಿನಲ್ಲೂ ಕೆಲಸ ಮಾಡುತ್ತದೆ.

2005ರಲ್ಲಿ ಲೋಟಸ್ ಜಪಾನಿಕಸ್ ಎಂಬ ದ್ವಿದಳ ಗಿಡದಲ್ಲಿ ಲೆಗ್‌ಹಿಮೋಗ್ಲೋಬಿನ್ ತಯಾರಾಗದಂತೆ ಮಾಡಿ ನೋಡಿದರು. ಗಂಟು ಕಟ್ಟಿತು, ಬ್ಯಾಕ್ಟೀರಿಯಾವೂ ಒಳಗೆ ಸೇರಿತು. ಆದರೆ ಒಳಗೆ ಸ್ವತಂತ್ರ ಆಮ್ಲಜನಕ ಹೆಚ್ಚಿತು, ನೈಟ್ರೋಜಿನೇಸ್ ಪ್ರೋಟೀನೇ ಉಳಿಯಲಿಲ್ಲ, ಸಾರಜನಕ ಸ್ಥಿರೀಕರಣ ನಿಂತೇಹೋಯಿತು. ಅದೇ ಗಿಡಕ್ಕೆ ಸಾರಜನಕ ಗೊಬ್ಬರ ಕೊಟ್ಟರೆ ಚೆನ್ನಾಗಿಯೇ ಬೆಳೆಯಿತು. ಈ ಪ್ರೋಟೀನಿನ ಕೆಲಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ನನಗೆ ಕಂಡಿಲ್ಲ.

ಆಮ್ಲಜನಕ ಇಷ್ಟು ಕಡಿಮೆ ಇದ್ದರೂ ಹಾನಿ ಹೇಗೆ ಆಗುತ್ತದೆ?

ಇಲ್ಲೇ ಅನೇಕರಿಗೆ ಗೊಂದಲ. ಆಮ್ಲಜನಕ ಕಡಿಮೆ ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಗಂಟು ಬಿಡುವಿಲ್ಲದೆ ಉಸಿರಾಡುವ ಜಾಗ. ಎಲೆಕ್ಟ್ರಾನ್‌ಗಳು ಸತತವಾಗಿ ಕೈಯಿಂದ ಕೈಗೆ ಹೋಗುತ್ತಿರುತ್ತವೆ. ಅದರಲ್ಲಿ ಒಂದೊಂದು ದಾರಿ ತಪ್ಪಿ ಆಮ್ಲಜನಕದ ಮೇಲೆ ಬೀಳುತ್ತದೆ. ಆಗ ಹುಟ್ಟುವುದು ಸೂಪರಾಕ್ಸೈಡ್, ಅಂದರೆ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಸೇರಿದ ಆಮ್ಲಜನಕ. ಸೂಪರಾಕ್ಸೈಡ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಹತ್ತಿರ ಬಿಡಿ ಕಬ್ಬಿಣ ಸಿಕ್ಕರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಯಾವುದು ಪಕ್ಕದಲ್ಲಿದ್ದರೆ ಅದನ್ನು ಕೆಡಿಸುತ್ತದೆ. ಇದನ್ನು ಹಿಡಿದು ತಟಸ್ಥ ಮಾಡುವ ಕಿಣ್ವ ಯಾವ ಜೀವಿಯಲ್ಲೂ ಇಲ್ಲ. ಹುಟ್ಟದಂತೆ ನೋಡಿಕೊಳ್ಳುವುದೊಂದೇ ದಾರಿ.

ಇನ್ನೂ ಬೇಸರದ ವಿಷಯ ಅಂದರೆ, ಕಾಪಾಡಬೇಕಾದ ಲೆಗ್‌ಹಿಮೋಗ್ಲೋಬಿನ್‌ನಿಂದಲೇ ಈ ಸರಣಿ ಶುರುವಾಗುತ್ತದೆ. ಆಮ್ಲಜನಕ ಹಿಡಿದ ಲೆಗ್‌ಹಿಮೋಗ್ಲೋಬಿನ್ ಆಗಾಗ ತಾನೇ ಆಕ್ಸಿಡೈಸ್ ಆಗಿ (ಎಲೆಕ್ಟ್ರಾನ್ ಕಳೆದುಕೊಂಡು) ಸೂಪರಾಕ್ಸೈಡನ್ನು ಹೊರಬಿಡುತ್ತದೆ. ಹಾಗೆ ಆಕ್ಸಿಡೈಸ್ ಆದ ಮೇಲೆ ಅದಕ್ಕೆ ಆಮ್ಲಜನಕ ಹಿಡಿಯಲು ಬರುವುದಿಲ್ಲ. ಪೆರಾಕ್ಸೈಡ್ ಜಾಸ್ತಿಯಾದರೆ ಅದರ ಹೀಮ್ ಒಡೆದು ಕಬ್ಬಿಣ ಬಿಡುಗಡೆಯಾಗುತ್ತದೆ. ಆ ಕಬ್ಬಿಣದಿಂದ ಮತ್ತೆ ಹೈಡ್ರಾಕ್ಸಿಲ್ ರ್‍ಯಾಡಿಕಲ್. ಒಂದು ಶುರುವಾದರೆ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ನೈಟ್ರೋಜಿನೇಸ್‌ಗೆ ಎಲೆಕ್ಟ್ರಾನ್ ಕೊಡುವ ಫೆರೆಡಾಕ್ಸಿನ್ ಕೂಡ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಟ್ಟುಬಿಡಬಲ್ಲದು.

ಅಲಸಂದೆ, ಹೆಸರು, ಸೋಯಾ ಗಂಟುಗಳಲ್ಲಿ ಇನ್ನೊಂದು ಮೂಲವೂ ಇದೆ. ಇವು ಸಾರಜನಕವನ್ನು ಯೂರಿಯೈಡ್ ಎಂಬ ರೂಪದಲ್ಲಿ ಮೇಲಕ್ಕೆ ಕಳಿಸುತ್ತವೆ. ಅದನ್ನು ತಯಾರಿಸುವ ಯೂರಿಕೇಸ್ ಕಿಣ್ವ ಕೆಲಸ ಮಾಡಿದಷ್ಟೂ ಪೆರಾಕ್ಸೈಡ್ ಹುಟ್ಟುತ್ತದೆ.

ಮತ್ತೆ ಗಂಟು ಇದನ್ನೆಲ್ಲ ಹೇಗೆ ತಡೆದುಕೊಳ್ಳುತ್ತದೆ?

ಒಂದರ ಹಿಂದೆ ಒಂದು ಕಿಣ್ವ ಇಟ್ಟುಕೊಂಡಿದೆ. ಮೊದಲನೆಯದು ಸೂಪರಾಕ್ಸೈಡ್ ಡಿಸ್ಮ್ಯುಟೇಸ್. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಇದರ ಕೆಲಸ ಏನು ಎಂದು ಮೊದಲು ತೋರಿಸಿದರು, ಅದು ಹಸುವಿನ ರಕ್ತದಿಂದ ತೆಗೆದ ಕಿಣ್ವದಲ್ಲಿ. ಸೂಪರಾಕ್ಸೈಡನ್ನು ಹಿಡಿದು ಪೆರಾಕ್ಸೈಡ್ ಮತ್ತು ಆಮ್ಲಜನಕ ಮಾಡುವುದು ಇದರ ಕೆಲಸ. ತಾಮ್ರ ಮತ್ತು ಸತು ಇರುವ ಬಗೆ, ಮ್ಯಾಂಗನೀಸ್ ಇರುವ ಬಗೆ, ಕಬ್ಬಿಣ ಇರುವ ಬಗೆ ಎಂದು ಕೋಶದ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಇವೆ. ಗದ್ದೆಯಲ್ಲಿ ಸತು ಕೊರತೆ ಅಂದರೆ ಬರೀ ಎಲೆ ಹಳದಿ ಆಗುವ ವಿಷಯ ಅಲ್ಲ, ಇಲ್ಲೂ ಅದರ ಲೆಕ್ಕ ಇದೆ.

ಹೀಗೆ ಹುಟ್ಟಿದ ಪೆರಾಕ್ಸೈಡನ್ನು ತೆಗೆಯಲು ಎರಡು ದಾರಿ. ಪೆರಾಕ್ಸಿಸೋಮ್ ಎಂಬ ಸಣ್ಣ ಚೀಲಗಳಲ್ಲಿ ಕೆಟಲೇಸ್ ಇದೆ. ಯೂರಿಕೇಸ್ ಇರುವುದೂ ಅಲ್ಲೇ, ಹಾಗಾಗಿ ಹುಟ್ಟಿದ ಜಾಗದಲ್ಲೇ ಪೆರಾಕ್ಸೈಡ್ ನೀರು ಮತ್ತು ಆಮ್ಲಜನಕ ಆಗಿಬಿಡುತ್ತದೆ. ಆದರೆ ಕೆಟಲೇಸ್ ಚೆನ್ನಾಗಿ ನಡೆಯುವುದು ಪೆರಾಕ್ಸೈಡ್ ಜಾಸ್ತಿ ಇದ್ದಾಗ. ಅಲ್ಪಸ್ವಲ್ಪ ಇದ್ದರೆ ಅದನ್ನು ಪೂರ್ತಿ ಗುಡಿಸಿ ತೆಗೆಯಲು ಆಗುವುದಿಲ್ಲ.

ಆ ಅಲ್ಪಸ್ವಲ್ಪವನ್ನು ತೆಗೆಯುವುದು ಎರಡನೆಯ ದಾರಿ, ಆಸ್ಕಾರ್ಬೇಟ್ ಮತ್ತು ಗ್ಲುಟಾಥಯೋನ್ ಚಕ್ರ. ನನ್ನ ಮಟ್ಟಿಗೆ ಗಂಟಿನ ರಕ್ಷಣೆಯಲ್ಲಿ ಅತ್ಯಂತ ಚೆಂದದ ಭಾಗ ಇದೇ. ಆಸ್ಕಾರ್ಬೇಟ್ ಅಂದರೆ ನೆಲ್ಲಿಕಾಯಿಯಲ್ಲಿ ಇರುವ ಅದೇ ವಿಟಮಿನ್ ಸಿ. ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಎಂಬ ಕಿಣ್ವ ವಿಟಮಿನ್ ಸಿ ಬಳಸಿ ಪೆರಾಕ್ಸೈಡನ್ನು ನೀರು ಮಾಡುತ್ತದೆ. ಖರ್ಚಾದ ವಿಟಮಿನ್ ಸಿಯನ್ನು ಗ್ಲುಟಾಥಯೋನ್ ಮತ್ತೆ ಸರಿ ಮಾಡುತ್ತದೆ. ಖರ್ಚಾದ ಗ್ಲುಟಾಥಯೋನನ್ನು ಗ್ಲುಟಾಥಯೋನ್ ರಿಡಕ್ಟೇಸ್ ಸರಿ ಮಾಡುತ್ತದೆ. ಅದಕ್ಕೆ ಬೇಕಾದ ಶಕ್ತಿ, ಅಂದರೆ ಎಲೆಕ್ಟ್ರಾನ್, ಕೋಶದಲ್ಲಿ ಅದನ್ನು ಹೊತ್ತು ತರುವ ಎನ್‌ಎಡಿಪಿಎಚ್‌ನಿಂದ, ಎನ್‌ಎಡಿಪಿಎಚ್ ಬರುವುದು ಸಕ್ಕರೆಯಿಂದ. ಈ ಚಕ್ರವನ್ನು ಮೊದಲು ಗುರುತಿಸಿದ್ದು ಎಲೆಯ ಕ್ಲೋರೋಪ್ಲಾಸ್ಟ್‌ನಲ್ಲಿ. ಸೋಯಾಬೀನ್ ಗಂಟಿನಲ್ಲೂ ಇದೆ ಎಂದು 1986ರಲ್ಲಿ ಡಾಲ್ಟನ್ ಮತ್ತು ಸಂಗಡಿಗರು ತೋರಿಸಿದರು. ಮರುವರ್ಷ ಅವರೇ ಅಳೆದು ನೋಡಿದರೆ, ಸೋಯಾ ಗಂಟಿನಲ್ಲಿ ಕರಗುವ ಪ್ರೋಟೀನಿನ ನೂರಕ್ಕೆ 0.9 ಪಾಲು ಆಸ್ಕಾರ್ಬೇಟ್ ಪೆರಾಕ್ಸಿಡೇಸ್ ಒಂದೇ! ಕೇಳಲು ಸಣ್ಣ ಅನ್ನಿಸಬಹುದು, ಆದರೆ ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಒಂದೇ ಒಂದಕ್ಕೆ ಇಷ್ಟು ಪಾಲು ಅಂದರೆ ಗಿಡಕ್ಕೆ ಇದು ಎಷ್ಟು ಮುಖ್ಯ ಎಂದು ನೀವೇ ಊಹಿಸಿ.

ಇವಲ್ಲದೆ ಪೆರಾಕ್ಸೈಡ್ ತೆಗೆಯಲು ನೆರವಾಗುವ ಪೆರಾಕ್ಸಿರೆಡಾಕ್ಸಿನ್, ಥಯೋರೆಡಾಕ್ಸಿನ್‌ಗಳಿವೆ. ಆಕ್ಸಿಡೈಸ್ ಆದ ಲೆಗ್‌ಹಿಮೋಗ್ಲೋಬಿನನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವ ರಿಡಕ್ಟೇಸ್ ಕೂಡ ಇದೆ.

ಈಗ ಇಡೀ ಸಾಲನ್ನು ಹಿಂದಕ್ಕೆ ಎಳೆದು ನೋಡಿ. ಪೆರಾಕ್ಸೈಡ್ ತೆಗೆಯಲು ವಿಟಮಿನ್ ಸಿ, ಅದಕ್ಕೆ ಗ್ಲುಟಾಥಯೋನ್, ಅದಕ್ಕೆ ಎನ್‌ಎಡಿಪಿಎಚ್, ಅದಕ್ಕೆ ಸಕ್ಕರೆ, ಸಕ್ಕರೆಗೆ ಎಲೆ. ಸಾರಜನಕ ಹಿಡಿಯಲು ಬೇಕಾದ ಸಕ್ಕರೆ ಬೇರೆ, ಗಂಟು ತನ್ನನ್ನು ಉಳಿಸಿಕೊಳ್ಳಲು ಬೇಕಾದ ಸಕ್ಕರೆ ಬೇರೆ. ಎಲೆ ಸೊರಗಿದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಹೋಮೋಗ್ಲುಟಾಥಯೋನ್ ಅಂತ ಓದಿದೆ. ಅದು ಬೇರೆಯಾ?

ಗ್ಲುಟಾಥಯೋನ್‌ನ ಹತ್ತಿರದ ರೂಪ. ಕೊನೆಯಲ್ಲಿ ಗ್ಲೈಸಿನ್ ಬದಲು ಬೀಟಾ ಅಲನಿನ್ ಇರುತ್ತದೆ, ಅಷ್ಟೇ. ಕೆಲವು ದ್ವಿದಳ ಗಿಡಗಳಲ್ಲಿ ಮಾತ್ರ ಸಿಗುತ್ತದೆ. ಹೆಸರು ಮತ್ತು ಸೋಯಾ ಗಂಟುಗಳಲ್ಲಿ ಇದೇ ಜಾಸ್ತಿ. ಕೆಲಸ ಹೆಚ್ಚುಕಡಿಮೆ ಒಂದೇ.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಅದು ಗಂಟಿಗೆ ಒಳ್ಳೆಯದೋ ಕೆಟ್ಟದ್ದೋ?

ಗಂಟಿಗೆ ಕಬ್ಬಿಣ ತುಂಬಾ ಬೇಕು. ನೈಟ್ರೋಜಿನೇಸ್, ಲೆಗ್‌ಹಿಮೋಗ್ಲೋಬಿನ್, ಉಸಿರಾಟದ ಸೈಟೋಕ್ರೋಮ್ ಎಲ್ಲಕ್ಕೂ ಬೇಕು. ಆದರೆ ಒಳಗೆ ಬಿಡಿಯಾಗಿ ಓಡಾಡುವ ಕಬ್ಬಿಣ ಅಪಾಯ, ಯಾಕೆಂದು ಮೇಲೆ ಹೇಳಿದ್ದೇನೆ. ಅದಕ್ಕೆ ಗಿಡ ಹೆಚ್ಚಿನ ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನಿನೊಳಗೆ ಮುಚ್ಚಿಡುತ್ತದೆ. ಗಂಟು ಬೆಳೆಯುವಾಗ ಅಲ್ಲಿಂದ ತೆಗೆದು ಬಳಸುತ್ತದೆ.

ಇನ್ನು ಕೆಂಪು ಮಣ್ಣಿನ ಕಬ್ಬಿಣದ ಬಹುಪಾಲು ತುಕ್ಕಿನ ರೂಪದಲ್ಲಿ ಗಟ್ಟಿಯಾಗಿ ಕೂತಿದೆ. ಮಣ್ಣು ಕೆಂಪಗಿದೆ ಎಂದ ಮಾತ್ರಕ್ಕೆ ಗಂಟು ಕೆಂಪಾಗುವುದಿಲ್ಲ. ಇಲ್ಲಿ ಹೆಚ್ಚು ಯೋಚಿಸಬೇಕಾದದ್ದು ಹುಳಿಯ ಬಗ್ಗೆ. ಮಳೆಗೆ ತೊಳೆದು ಹೋದ ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಗಿಡಕ್ಕೆ ಸಿಗುವುದು ಕಷ್ಟ, ಕ್ಯಾಲ್ಸಿಯಂ ಕಡಿಮೆ, ಅಲ್ಯೂಮಿನಿಯಂ ಬೇರನ್ನು ಕಾಡುತ್ತದೆ. ಮಾಲಿಬ್ಡಿನಂ ಇಲ್ಲದೆ ನೈಟ್ರೋಜಿನೇಸ್ ಇಲ್ಲ.

ಹಾಗಾದರೆ ಸುಣ್ಣ ಹಾಕಬೇಕಾ?

ಮಣ್ಣು ಪರೀಕ್ಷೆ ಮಾಡಿಸಿ, ಪಿಎಚ್ (ಹುಳಿಯ ಅಳತೆ) ನೋಡಿ, ಆಮೇಲೆ ಹಾಕಿ. ಅಂದಾಜಿನ ಮೇಲೆ ಹಾಕಬೇಡಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಕರಾವಳಿಯಲ್ಲಿ ಸಿಗುವ ಚಿಪ್ಪಿನ ಸುಣ್ಣವೂ ಕ್ಯಾಲ್ಸಿಯಮ್ಮೇ, ಬಳಸಬಹುದು. ಸುಣ್ಣ ಮತ್ತು ರೈಜೋಬಿಯಂ ಹಚ್ಚಿದ ಬೀಜ ಒಂದೇ ದಿನ ಬೇಡ. ಸುಣ್ಣ ಮೊದಲೇ ಹಾಕಿ ಮಣ್ಣಿಗೆ ಬೆರೆಸಿರಬೇಕು.

ಬ್ಯಾಕ್ಟೀರಿಯಾ ತನ್ನ ಕಡೆಯಿಂದ ಏನೂ ಮಾಡುವುದಿಲ್ಲವಾ?

ಮಾಡುತ್ತದೆ. ಅದಕ್ಕೂ ತನ್ನದೇ ಕೆಟಲೇಸ್, ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಗ್ಲುಟಾಥಯೋನ್ ಇವೆ. ಕುದುರೆಮಸಾಲೆ ಸೊಪ್ಪಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಮೂರು ಬಗೆಯ ಕೆಟಲೇಸ್ ಇದೆ. ಗ್ಲುಟಾಥಯೋನ್ ಸರಿಯಾಗಿ ತಯಾರಿಸಲು ಬಾರದ ತಳಿಗಳನ್ನು ಹಾಕಿದರೆ ಗಂಟು ತಡವಾಗಿ ಕಟ್ಟುತ್ತದೆ, ಬೇಗ ಮುದಿಯಾಗುತ್ತದೆ. ಉಸಿರಾಟವೂ ಒಂದು ರಕ್ಷಣೆಯೇ. ಬಂದ ಆಮ್ಲಜನಕವನ್ನು ಬೇಗ ಬೇಗ ಖರ್ಚು ಮಾಡಿಬಿಟ್ಟರೆ ನೈಟ್ರೋಜಿನೇಸ್ ತನಕ ತಲುಪಲು ಉಳಿಯುವುದೇ ಇಲ್ಲ.

ಪೆರಾಕ್ಸೈಡ್ ಅಂದರೆ ಪೂರ್ತಿ ಕೆಟ್ಟದ್ದಾ?

ಅಲ್ಲ. ಬ್ಯಾಕ್ಟೀರಿಯಾ ಬೇರಿನ ರೋಮದೊಳಗೆ ನುಗ್ಗುವ ಶುರುವಿನ ಹಂತದಲ್ಲಿ ಗಿಡವೇ ಬೇಕೆಂದು ಸ್ವಲ್ಪ ಸೂಪರಾಕ್ಸೈಡ್, ಪೆರಾಕ್ಸೈಡ್ ತಯಾರಿಸುತ್ತದೆ. ಕೋಶಗಳ ನಡುವೆ ಸುದ್ದಿ ಮುಟ್ಟಿಸಲು, ಬ್ಯಾಕ್ಟೀರಿಯಾ ಒಳಗೆ ಸಾಗುವ ಕೊಳವೆಯ (ಸೋಂಕಿನ ಎಳೆಯ) ಗೋಡೆ ಗಟ್ಟಿ ಮಾಡಲು ಅದು ಬೇಕು. ಎಲ್ಲವನ್ನೂ ತೊಡೆದು ಹಾಕಿದರೆ ಗಂಟು ಸರಿಯಾಗಿ ಕಟ್ಟುವುದೇ ಇಲ್ಲ. ಪ್ರಮಾಣ ಮತ್ತು ಜಾಗ ಎರಡೂ ಮುಖ್ಯ.

ಫೆಬ್ರವರಿ ದಾಟಿದ ಮೇಲೆ ಗದ್ದೆ ಒಣಗುತ್ತದೆ. ಆಗ ಗಂಟಿಗೆ ಏನಾಗುತ್ತದೆ?

ನಮ್ಮ ಕರಾವಳಿಯ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಭತ್ತದ ನಂತರದ ಬೆಳೆ ನಿಂತಿರುವುದೇ ಮಣ್ಣಿನಲ್ಲಿ ಉಳಿದ ತೇವದ ಮೇಲೆ. ತೇವ ಕಡಿಮೆಯಾದಾಗ ಎಲೆ ಬಾಡುವ ಮೊದಲೇ ಗಂಟಿನ ಕೆಲಸ ಕುಂಠಿತವಾಗುತ್ತದೆ. ಸಕ್ಕರೆಯನ್ನು ಒಡೆಯುವ ಸುಕ್ರೋಸ್ ಸಿಂಥೇಸ್ ಕಿಣ್ವ ಮೊದಲು ಇಳಿಯುತ್ತದೆ. ಸಕ್ಕರೆ ಗಂಟಿನ ತನಕ ಬಂದಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಒಳಸಿಪ್ಪೆ ಬಿಗಿಯಾಗುತ್ತದೆ, ಉಸಿರಾಟ ಇಳಿಯುತ್ತದೆ, ಆಸ್ಕಾರ್ಬೇಟ್ ಚಕ್ರದ ಕಿಣ್ವಗಳು ಕುಗ್ಗುತ್ತವೆ, ಅದೇ ಹೊತ್ತಿಗೆ ಬಿಡಿ ಕಬ್ಬಿಣ ಹೆಚ್ಚುತ್ತದೆ, ಲೆಗ್‌ಹಿಮೋಗ್ಲೋಬಿನ್ ಒಡೆಯುತ್ತದೆ. ಕೆಂಪು ಹೋಗಿ ಹಸಿರಾಗಿ ಆಮೇಲೆ ಕಂದಾಗುತ್ತದೆ. ಆ ಹಸಿರು ಒಡೆದ ಹೀಮ್‌ನದ್ದು.

ಬರ ಬೇಗ ಬಿಟ್ಟರೆ ಗಂಟು ಚೇತರಿಸಿಕೊಳ್ಳುತ್ತದೆ. ಹಸಿರು ತಿರುಗಿದ ಮೇಲೆ ನೀರು ಕೊಟ್ಟರೆ ಅದೇ ಗಂಟು ಮತ್ತೆ ಕೆಂಪಾಗುತ್ತದೆ ಅನ್ನುವ ಆಸೆ ಬೇಡ. ಹಾಗಾಗಿ ಭತ್ತ ಕೊಯ್ದ ತಕ್ಷಣ, ತೇವ ಆರುವ ಮೊದಲೇ ಬಿತ್ತುವುದು ಬರೀ ಮೊಳಕೆಗೆ ಅಲ್ಲ, ಗಂಟಿಗೂ ಒಳ್ಳೆಯದು. ಹೂ ಬಿಡುವ ಹೊತ್ತಿಗೆ ಒಂದು ನೀರು ಕೊಡಲು ಆದರೆ ದಯವಿಟ್ಟು ಕೊಡಿ. ದರಕು ಸಿಕ್ಕರೆ ಸಾಲಿನ ನಡುವೆ ಹಾಸಿ.

ಮಳೆಗಾಲದಲ್ಲಿ ನೀರು ನಿಂತರೆ?

ನೀರು ನಿಂತಾಗ ಆಮ್ಲಜನಕವೇ ತಲುಪುವುದಿಲ್ಲ, ಗಂಟು ಉಸಿರುಕಟ್ಟುತ್ತದೆ. ಆಮೇಲೆ ನೀರು ಇಳಿದು ಗಾಳಿ ಒಮ್ಮೆಲೇ ಒಳಗೆ ಬಂದಾಗ ಸೂಪರಾಕ್ಸೈಡ್ ಜಾಸ್ತಿ ಹುಟ್ಟುತ್ತದೆ. ಹೀಗೆ ಏಟು ಎರಡು ಸಲ. ಶೇಂಗಾ, ಉದ್ದು, ಹೆಸರಿಗೆ ಬಸಿಗಾಲುವೆ ಇರಲೇಬೇಕು. ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ದೈಂಚಾ ಮಾತ್ರ ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಅದರದ್ದೇ ಕುಲದ ಸೆಸ್ಬೇನಿಯಾ ರೋಸ್ಟ್ರಾಟಾ ಎಂಬ ಗಿಡವಂತೂ ಕಾಂಡದ ಮೇಲೆಯೇ ಗಂಟು ಕಟ್ಟಿಕೊಳ್ಳುತ್ತದೆ, ಬೇರು ಮುಳುಗಿದರೂ ಮೇಲಿನ ಗಂಟಿಗೆ ಗಾಳಿ ಸಿಗುತ್ತದೆ.

ಗಜನಿಯ ಉಪ್ಪು ಮಣ್ಣಿನಲ್ಲಿ ದ್ವಿದಳ ಬೆಳೆ ಆಗುತ್ತದಾ?

ಉಪ್ಪು ನಿಂತ ಕಡೆ ಹೆಸರು, ಉದ್ದು ಹಾಕುವ ಸಾಹಸ ಬೇಡ. ಕಗ್ಗ ಭತ್ತಕ್ಕೆ ಇರುವ ತಾಳಿಕೆ ಇವಕ್ಕಿಲ್ಲ. ಉಪ್ಪಿನಿಂದ ಬೇರಿಗೆ ನೀರು ಸಿಗುವುದು ಕಷ್ಟ, ಗಂಟೊಳಗೆ ಆಕ್ಸಿಡೇಟಿವ್ ಹಾನಿ ಜಾಸ್ತಿ. ದೈಂಚಾ ಸ್ವಲ್ಪ ಮಟ್ಟಿಗೆ ಉಪ್ಪನ್ನೂ ತಾಳುತ್ತದೆ.

ಗಂಟು ಇದ್ದರೂ ಯೂರಿಯಾ ಹಾಕಿದರೆ ಇನ್ನೂ ಒಳ್ಳೆಯದಲ್ವಾ?

ಇಲ್ಲ. ಸುಮ್ನೆ ದುಡ್ಡು ದಂಡ. ಮಣ್ಣಿನಲ್ಲಿ ನೈಟ್ರೇಟ್ ಧಾರಾಳವಾಗಿ ಸಿಕ್ಕರೆ ಗಿಡ ಗಂಟಿಗೆ ಸಕ್ಕರೆ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಹೊಸ ಗಂಟು ಕಟ್ಟುವುದಿಲ್ಲ. ಇರುವ ಗಂಟಿನ ಒಳಸಿಪ್ಪೆ ಬಿಗಿಯಾಗುತ್ತದೆ, ಲೆಗ್‌ಹಿಮೋಗ್ಲೋಬಿನ್ ಇಳಿಯುತ್ತದೆ, ಬೇಗ ಮುದಿಯಾಗುತ್ತದೆ. ನೈಟ್ರೇಟ್‌ನಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ಹೋಗಿ ಲೆಗ್‌ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿಯುತ್ತದೆ. ಶುರುವಿನಲ್ಲಿ ಸಸಿಗೆ ಬೇಕಾದ ಸ್ವಲ್ಪ ಸಾರಜನಕ ಸಾಕು. ಬೇಳೆಕಾಳಿಗೆ ಸಾಮಾನ್ಯ ಶಿಫಾರಸು ಹೆಕ್ಟೇರಿಗೆ 25 ಕಿಲೋ ಆಸುಪಾಸು. ರಂಜಕವನ್ನು ಮಾತ್ರ ಬಿಡಬೇಡಿ, ಎಟಿಪಿ ಅಂದರೆ ಅದರಲ್ಲಿ ರಂಜಕವೇ ಇರುವುದು.

ವಿಟಮಿನ್ ಸಿ ಸಿಂಪಡಿಸಿದರೆ ಗಂಟಿಗೆ ಸಹಾಯ ಆಗುತ್ತದಾ?

ಸೋಯಾ ಗಿಡದ ಕಾಂಡದೊಳಗೆ ಆಸ್ಕಾರ್ಬೇಟ್ ಹರಿಸಿದ ಪ್ರಯೋಗದಲ್ಲಿ ಗಂಟಿನ ಕೆಲಸ ಹೆಚ್ಚಾದದ್ದು ಕಂಡಿದೆ. ಅದು ಪ್ರಯೋಗಾಲಯದ ಮಾತು. ಗದ್ದೆಯಲ್ಲಿ ಇದಕ್ಕೆಂದು ಏನನ್ನೋ ಬಾಟಲಿಯಲ್ಲಿ ಕೊಂಡು ಸಿಂಪಡಿಸುವುದನ್ನು ನಾನು ಹೇಳುವುದಿಲ್ಲ. ಎಲೆಗೆ ರೋಗ ಬಾರದಂತೆ, ಹುಳ ತಿನ್ನದಂತೆ ನೋಡಿಕೊಂಡರೆ ಗಿಡ ತನಗೆ ಬೇಕಾದ ಆಸ್ಕಾರ್ಬೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ.

ತೋಟದ ಸೊಪ್ಪಿಗೆ ಗ್ಲಿರಿಸಿಡಿಯಾ, ಹಾಲವಾಣ ಪೂರ್ತಿ ಸವರುತ್ತೇವೆ. ಗಂಟಿಗೆ ಏನಾಗುತ್ತದೆ?

ಎಲೆ ಹೋದರೆ ಸಕ್ಕರೆ ಹೋಯಿತು. ಪೂರ್ತಿ ಬೋಳಿಸಿದ ಮರದ ಗಂಟುಗಳು ಬಹುಪಾಲು ಸಾಯುತ್ತವೆ. ಹೊಸ ಚಿಗುರು ಬಲಿತು ಎಲೆ ಕೆಲಸ ಶುರು ಮಾಡಿದ ಮೇಲೆ ಮತ್ತೆ ಗಂಟು ಕಟ್ಟುತ್ತವೆ. ಸತ್ತ ಗಂಟಿನ ಸಾರಜನಕ ಮಣ್ಣಿಗೇ ಸೇರುವುದರಿಂದ ಅಡಿಕೆಗೆ ಅದೂ ಉಪಯೋಗವೇ. ಆದರೆ ಮರ ತಾನೇ ಬೇಗ ಚೇತರಿಸಬೇಕು ಅಂದರೆ ಒಂದೆರಡು ರೆಂಬೆ ಬಿಟ್ಟು ಸವರುವುದು ಒಳ್ಳೆಯದು.

ಕಡಲತೀರದ ಗಾಳಿಮರದ ಬೇರಲ್ಲೂ ಗಂಟು ನೋಡಿದೆ. ಅದೂ ದ್ವಿದಳವಾ?

ಅಲ್ಲ. ಗಾಳಿಮರಕ್ಕೆ ಜೊತೆಯಾಗಿರುವುದು ರೈಜೋಬಿಯಂ ಅಲ್ಲ, ಫ್ರಾಂಕಿಯಾ ಎಂಬ ಬೇರೆ ಬಗೆಯ ಬ್ಯಾಕ್ಟೀರಿಯಾ. ಮರಳಿನಲ್ಲೂ ಅದು ಹುಲುಸಾಗಿ ಬೆಳೆಯಲು ಇದೂ ಒಂದು ಕಾರಣ. ಅಚ್ಚರಿ ಅಂದರೆ ಅದರ ಗಂಟಿನಲ್ಲೂ ಹಿಮೋಗ್ಲೋಬಿನ್ ಇದೆ. ಆಮ್ಲಜನಕದ ಇಕ್ಕಟ್ಟು ಇಬ್ಬರಿಗೂ ಒಂದೇ, ಹಾಗಾಗಿ ಕಂಡುಕೊಂಡ ದಾರಿಯೂ ಹತ್ತಿರದ್ದೇ. ರಸ್ತೆ ಬದಿಯ ಅಕೇಶಿಯಾ, ಬೇಣದಲ್ಲಿ ಹರಡುವ ನಾಚಿಕೆಮುಳ್ಳು ಮಾತ್ರ ದ್ವಿದಳ ಕುಟುಂಬದವೇ.

ಗಂಟು ಚೆನ್ನಾಗಿದೆಯೋ ಇಲ್ಲವೋ ನೋಡುವುದು ಹೇಗೆ?

ಹೂ ಬಿಡುವ ಹೊತ್ತಿಗೆ ನೋಡಿ. ಗಿಡವನ್ನು ಎಳೆದು ಕೀಳಬೇಡಿ, ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಸುತ್ತ ಅಗೆದು ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬ್ಲೇಡಿನಿಂದ ನಾಲ್ಕಾರು ಗಂಟು ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಇದ್ದರೆ ಇನ್ನೂ ಎಳೆಯದು, ಇಲ್ಲವೇ ಆ ಬ್ಯಾಕ್ಟೀರಿಯಾ ಕೆಲಸಕ್ಕೆ ಬಾರದ ತಳಿ. ಹಸಿರು, ಕಂದು ಇದ್ದರೆ ಅದರ ಕಾಲ ಮುಗಿದಿದೆ. ಸೀಳಿದ ತಕ್ಷಣ ನೋಡಿ, ಗಾಳಿಗೆ ಬಿಟ್ಟರೆ ಬಣ್ಣ ಕೆಡುತ್ತದೆ.

ಜಂತುಹುಳದ ಗಂಟನ್ನು ಇದೇ ಎಂದುಕೊಂಡು ಖುಷಿಪಡುವವರೂ ಇದ್ದಾರೆ. ರೈಜೋಬಿಯಂ ಗಂಟು ಬೇರಿನ ಬದಿಗೆ ಅಂಟಿಕೊಂಡಂತೆ ಇರುತ್ತದೆ, ಬೆರಳಿನಿಂದ ಒತ್ತಿದರೆ ಸಲೀಸಾಗಿ ಕಳಚುತ್ತದೆ. ಜಂತುಹುಳದ್ದಾದರೆ ಬೇರೇ ಊದಿಕೊಂಡಿರುತ್ತದೆ, ಕಳಚುವುದಿಲ್ಲ, ಒಳಗೆ ಕೆಂಪು ಇರುವುದಿಲ್ಲ.

ಎಲ್ಲ ಗಂಟೂ ಬಿಳಿಯೇ ಇದ್ದರೆ ಮುಂದಿನ ಬೆಳೆಗೆ ಆ ಬೆಳೆಗೇ ಹೊಂದುವ ರೈಜೋಬಿಯಂ ತಂದು ಬೀಜಕ್ಕೆ ಹಚ್ಚಿ. ತೆಳು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡಿಯೇ ಕೊಳ್ಳಿ, ಬಿಸಿಲಿಗೆ ಇಟ್ಟ ಪ್ಯಾಕೆಟ್ ತೆಗೆದುಕೊಳ್ಳಬೇಡಿ.

ಕಾಯಿ ತುಂಬುವಾಗ ಗಂಟು ಹಸಿರಾಗಿದೆ. ಏನು ತಪ್ಪಾಯಿತು?

ಏನೂ ತಪ್ಪಾಗಿಲ್ಲ. ಕಾಯಿ ತುಂಬುವಾಗ ಎಲೆಯ ಸಕ್ಕರೆ ಕಾಯಿಗೆ ಹೋಗುತ್ತದೆ, ಗಂಟಿಗೆ ಸಿಗುವುದು ಕಡಿಮೆ. ರಕ್ಷಣೆ ಇಳಿಯುತ್ತದೆ, ಪ್ರೋಟೀನ್ ಒಡೆಯುವ ಕಿಣ್ವಗಳು ಲೆಗ್‌ಹಿಮೋಗ್ಲೋಬಿನನ್ನು ಒಡೆಯುತ್ತವೆ, ಅದರ ಸಾರಜನಕ ಕಾಳಿಗೆ ಸೇರುತ್ತದೆ. ಚಿಂತೆ ಮಾಡಬೇಕಾದದ್ದು ಹೂ ಬಿಡುವ ಮೊದಲೇ ಹಸಿರಾದರೆ. ಆಗ ತೇವ, ಬಸಿಯುವಿಕೆ, ಯೂರಿಯಾ, ಎಲೆರೋಗ ಈ ನಾಲ್ಕನ್ನೂ ಒಂದೊಂದಾಗಿ ಪರೀಕ್ಷಿಸಿ.

ಕೊಯ್ಲಾದ ಮೇಲೆ ಬೇರನ್ನು ಕೀಳಬೇಕಾ, ಬಿಡಬೇಕಾ?

ಉದ್ದು, ಹೆಸರು, ಅಲಸಂದೆಯನ್ನು ಬುಡಕ್ಕೆ ಕೊಯ್ದು ಬೇರನ್ನು ಮಣ್ಣಲ್ಲೇ ಬಿಡಿ. ಗಂಟಿನಿಂದ ಹೊರಬಿದ್ದ ಬ್ಯಾಕ್ಟೀರಿಯಾದಲ್ಲಿ ಒಂದಷ್ಟು ಮಣ್ಣಿನಲ್ಲಿ ಉಳಿದು ಮುಂದಿನ ವರ್ಷದ ಬೆಳೆಗೆ ಸಿಗುತ್ತದೆ. ಶೇಂಗಾವನ್ನು ಹೇಗೂ ಕಿತ್ತೇ ತೆಗೆಯಬೇಕು. ಅದರ ಬಳ್ಳಿಯನ್ನು ದನಕ್ಕೆ ಹಾಕಿದರೆ ಆ ಸಗಣಿ ಗೊಬ್ಬರವನ್ನು ಅದೇ ಗದ್ದೆಗೆ ಹಾಕಿ. ಕಾಳು, ಬಳ್ಳಿ ಎರಡನ್ನೂ ಹೊರಗೆ ಸಾಗಿಸಿದರೆ ಗಂಟು ಗಳಿಸಿದ ಸಾರಜನಕದ ಬಹುಪಾಲು ಅವುಗಳ ಜೊತೆಗೇ ಹೋಗುತ್ತದೆ.